ಬೀಗರ ನೀರು

ಖಾಲಿ ಕೊಡಗಳ ಸದ್ದು. ಹಿತ್ತಾಳೆಯ ಕೊಡಗಳು ರೈಲುಡಬ್ಬಿಯ ಹಲಗೆಯ ಮೇಲೆ ಒಂದಕ್ಕೊಂದು ತಾಗುತ್ತ, ಗಾಡಿ ನಿಲ್ಲುವ ಮೊದಲೇ ಪ್ಲಾಟ್‌ಫಾರಂ ತುಂಬ ಕೇಳಿಸುತ್ತಿದ್ದ ಸದ್ದು. ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನನಗೆ ಬೆಳಗಾಗುತ್ತಿದ್ದದ್ದು ಅದರಿಂದಲೇ. ಎಂಜಿನ್ನಿನ ಕೂಗಿಗೆ, ಶಂಟಿಂಗಿನ ಧಡಕಿಗೆ ನಾವು ರೈಲ್ವೆ ಮಕ್ಕಳು ಮಗ್ಗುಲು ಕೂಡ ಬದಲಿಸುತ್ತಿರಲಿಲ್ಲ. ಕೊಡಗಳಿಗೆ ಮಾತ್ರ ಕಣ್ಣು ತೆರೆಯುತ್ತಿತ್ತು.

ಹೋದ ತಿಂಗಳು ಮಗಳ ಜೊತೆ ಸಿಕಂದರಾಬಾದಿಗೆ ಹೊರಟಿದ್ದೆ. ಗಾಡಿ ವಾಡಿಯಲ್ಲಿ ನಿಂತಿತು. ಎ.ಸಿ. ಕೋಚ್, ಗಾಜು ತೆರೆಯುವುದಿಲ್ಲ. ಹೊರಗೆ ಜನರ ಬಾಯಿ ಆಡುತ್ತಿತ್ತು, ಒಂದು ಮಾತೂ ಒಳಗೆ ಬರುತ್ತಿರಲಿಲ್ಲ. ಮಗಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಕೈಗೆ ಕೊಟ್ಟಳು. ಒಂದು ಗುಟುಕು ಕುಡಿದೆ. ಸಿಹಿಯೂ ಅಲ್ಲದ, ಸಪ್ಪೆಯೂ ಅಲ್ಲದ, ಯಾವ ಊರಿನದೂ ಅಲ್ಲದ ನೀರು. ಆ ಮುಚ್ಚಿದ ಗಾಜಿನೊಳಗೇ ನನಗೆ ಕೊಡಗಳು ಕೇಳಿಸಿದವು. ಮಗಳು “ವಾಟ್ ಹ್ಯಾಪನ್ಡ್, ಮಮ್ಮಿ?” ಅಂದಳು. ನಥಿಂಗ್ ಅಂದೆ. ಐವತ್ತು ವರ್ಷದ ಹಿಂದಿನ ಒಂದು ಚಳಿಗಾಲವನ್ನು ಗಾಡಿ ನಿಂತ ಐದು ನಿಮಿಷದಲ್ಲಿ ಯಾರಿಗೆ ಹೇಳುವುದು?

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಹೊಸತು. ನಮ್ಮ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ‘ಮೈಸೂರು’ ಎಂಬುದನ್ನು ಗುಮಾಸ್ತರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಮೇಲೆ ಹೊಸ ಹೆಸರು ಬರೆಯುತ್ತಿದ್ದರು. ನಾನು ಗುಲ್ಬರ್ಗದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಅದಕ್ಕೂ ಮೊದಲು ಸಿಕಂದರಾಬಾದಿನ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಬೆಳೆದವಳು. ಸಿಸ್ಟರ್‌ಗಳು ನನಗೆ ಇಂಗ್ಲಿಷ್ ಕೊಟ್ಟರು, ಫೋರ್ಕು ಹಿಡಿಯುವುದು ಕೊಟ್ಟರು, ಊಟದ ಮೊದಲಿನ ಪ್ರೇಯರ್ ಕೊಟ್ಟರು. ನನ್ನ ಊರಿನ ಮಾತು ಮಾತ್ರ ರಜೆಯಲ್ಲಿ ಸ್ವಲ್ಪ ಸ್ವಲ್ಪ ಅಂಟಿಸಿಕೊಂಡದ್ದು. ವಾಡಿಯಿಂದ ದಿನಾ ಶಟಲ್‌ನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಶಹಾಬಾದಿನಲ್ಲಿ ಜುಬೇದಾ ಹತ್ತುತ್ತಿದ್ದಳು. ಅವಳ ತಂದೆಗೆ ಹಾಸುಗಲ್ಲಿನ ವ್ಯಾಪಾರ. ನಮ್ಮ ಕ್ಲಾಸಿನಲ್ಲಿ ಹುಡುಗಿಯರು ಅಂದರೆ ನಾವಿಬ್ಬರೇ, ಆದ್ದರಿಂದ ಲ್ಯಾಬಿನಲ್ಲೂ ಒಂದೇ ಮೇಜು.

ನಮ್ಮ ಅಪ್ಪ ರೈಲ್ವೆ ಗಾರ್ಡ್. ಸೇಡಂ ಕಡೆಗೆ ಹೋಗುವ ಪ್ಯಾಸೆಂಜರ್ ಅವರದು. ಚಿತ್ತಾಪುರದ ಆಸುಪಾಸಿನಲ್ಲಿ ಒಂದು ಸಣ್ಣ ಹಾಲ್ಟ್ ಇತ್ತು. ಅಲ್ಲಿ ಗಾಡಿ ನಿಂತಿತೋ ಇಲ್ಲವೋ ಅನ್ನುವಷ್ಟರಲ್ಲಿ ಹೊರಡುತ್ತಿತ್ತು. ಅದರ ಪಕ್ಕದಲ್ಲಿ ಕಲ್ಲುಗಣಿ ಕೆಲಸದವರ ಊರು. ಊರಿಗೊಂದು ಹೆಸರಿತ್ತು, ಆದರೆ ನಾವೆಲ್ಲ ಅದನ್ನು ಹಾಲ್ಟ್ ಎಂದೇ ಕರೆಯುತ್ತಿದ್ದೆವು. ಅಲ್ಲಿಯ ಬಾವಿಯ ನೀರು ಸವಳು. ಹೆಂಗಸರು ನಸುಕಿನ ಗಾಡಿಗೆ ಖಾಲಿ ಕೊಡ ಹೊತ್ತು ವಾಡಿಗೆ ಬಂದು, ಪ್ಲಾಟ್‌ಫಾರಮ್ಮಿನ ನಲ್ಲಿಯಲ್ಲಿ ತುಂಬಿಕೊಂಡು, ಅಪ್ಪನ ಪ್ಯಾಸೆಂಜರಿಗೆ ವಾಪಸಾಗುತ್ತಿದ್ದರು. ತುಂಬಿದ ಕೊಡಗಳನ್ನು ಅಪ್ಪ ಗಾಡಿಯ ಕೊನೆಗಿದ್ದ ತಮ್ಮ ಬ್ರೇಕ್ ವ್ಯಾನಿನಲ್ಲಿ ಇಡಲು ಬಿಡುತ್ತಿದ್ದರು. ರೂಲ್ಸಿನಲ್ಲಿ ಇರಲಿಲ್ಲ. “ಕುಡಿಯೋ ನೀರು ಲಗೇಜ್ ಅಲ್ಲ” ಅನ್ನುತ್ತಿದ್ದರು, ಅಷ್ಟೆ. ಮಾರ್ಚಿ ಮುಗಿಯುವ ಹೊತ್ತಿಗೆ ಅಪ್ಪ ರಿಟೈರ್ ಆಗುವವರಿದ್ದರು. ಮುಂದೆ ಬರುವ ಗಾರ್ಡ್ ಎಂಥವನೋ? ಹಾಲ್ಟಿನವರ ಚಿಂತೆ ಅದಾಗಿತ್ತು. ಒಂದೊಂದು ಮನೆಗೆ ದಿನಕ್ಕೆ ಸಿಗುತ್ತಿದ್ದದ್ದೇ ಒಂದು ಕೊಡ ಸಿಹಿನೀರು. ಅದೂ ನಿಂತರೆ?

ಆ ವರ್ಷ ಶಾಸಕರ ಒಂದು ಸಮಿತಿ ತಾಲೂಕು ತಾಲೂಕು ಸುತ್ತುತ್ತಿತ್ತು. ಯಾವ ಊರಿಗೆ ಮೊದಲು ಕುಡಿಯುವ ನೀರಿನ ಪೈಪು ಹಾಕಬೇಕು ಎಂದು ನಿರ್ಧರಿಸುವ ಸಮಿತಿ. ನಮ್ಮ ಕೆಮಿಸ್ಟ್ರಿಯ ಕುಲಕರ್ಣಿ ಸರ್‌ಗೆ ತಲೆಯಲ್ಲಿ ಏನು ಹೊಳೆಯಿತೋ, ನಮ್ಮ ವಿದ್ಯಾರ್ಥಿಗಳು ಊರೂರಿನ ನೀರು ಪರೀಕ್ಷೆ ಮಾಡಿ ಸಮಿತಿಯ ಮುಂದೆ, ಜನರ ಮುಂದೆ, ತಾವೇ ನಿಂತು ಹೇಳುತ್ತಾರೆ ಎಂದು ಒಪ್ಪಿಸಿಬಂದರು. ಸ್ಟಾಫ್ ರೂಮಿನಲ್ಲಿ ನಕ್ಕರಂತೆ. ಬಿ.ಎಸ್ಸಿ. ಮಕ್ಕಳ ರಿಸರ್ಚು, ಅದನ್ನು ಕೇಳಲು ಎಂ.ಎಲ್.ಎ.ಗಳು! ಸರ್ ಅವರ ಕನ್ನಡಕ ಸದಾ ಮೂಗಿನ ತುದಿಗೆ ಜಾರಿರುತ್ತಿತ್ತು. ಅದನ್ನು ಮೇಲೇರಿಸುತ್ತ ನಮಗೆ ಹೇಳಿದ್ದು ಇಷ್ಟೇ: “ನಗಲಿ. ನಗೋರಿಗೆ ಬ್ಯೂರೆಟ್ ಓದಾಕ ಬರಂಗಿಲ್ಲ.”

ನಮ್ಮ ಕ್ಲಾಸಿನ ಚಿಂಚೋಳಿಯ ಹುಡುಗರು ಚಂದ್ರಂಪಳ್ಳಿ, ಕುಂಚಾವರಂ ಕಡೆ ಹೋದರು. ನನಗೂ ಜುಬೇದಾಗೂ ರೈಲುಹಳಿಯ ಊರುಗಳು. ಭಾನುವಾರ ಅಪ್ಪನ ಗಾಡಿಗೆ ಹೋಗಿ ಅಪ್ಪನ ಗಾಡಿಗೆ ಬರಬಹುದು ಎಂಬ ಕಾರಣಕ್ಕೆ ನಮ್ಮಿಬ್ಬರ ಮನೆಯಲ್ಲೂ ಒಪ್ಪಿದ್ದರು. ಹೆಚ್ಚಿನ ಊರುಗಳಲ್ಲಿ ಬಾವಿ ದಾರಿಯ ಬದಿಗೇ ಇತ್ತು. ನಾವೇ ಸೇದಿ ಬಾಟಲಿಗೆ ತುಂಬಿಕೊಂಡು ಬಂದೆವು. ಹಾಲ್ಟಿನಲ್ಲಿ ಮಾತ್ರ ಬಿಡಲಿಲ್ಲ.

ಅಲ್ಲಿ ನಮ್ಮನ್ನು ಬರಮಾಡಿಕೊಂಡವಳು ಭಾಗಮ್ಮ. ನಲವತ್ತರ ಆಸುಪಾಸಿನ ಹೆಂಗಸು, ಗಂಡನೂ ಮಗ ಸಿದ್ದಪ್ಪನೂ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದರು. ಆ ಊರಿನಲ್ಲಿ ಗೋಡೆ ಕಲ್ಲು, ಮಾಳಿಗೆ ಕಲ್ಲು, ಕೂಡುವ ಕಟ್ಟೆ ಕಲ್ಲು, ಎಲ್ಲ ಅವರೇ ಕಡಿದ ನೀಲಿ ಹಾಸುಗಲ್ಲು. “ಬರ್ರಿ ಬಾಯಾರ, ಕುಂದ್ರಿ. ಗಾರ್ಡ್ ಸಾಬರ ಮಗಳು ಬಂದು ಹಗ್ಗ ಜಗ್ಗಿದ್ರ ನಮ್ಮ ಮುಖದ ಮ್ಯಾಲೆ ಮಂದಿ ಏನಂದಾರ್ರಿ” ಎಂದು ನಮ್ಮ ಬಾಟಲಿಗಳನ್ನು ಕಸಿದುಕೊಂಡೇ ಒಳಗೆ ಹೋದಳು. ಮನೆಮನೆಗೂ ಅದೇ ಆಯಿತು. ನಾವು ಕಟ್ಟೆಯ ಮೇಲೆ ಕೂತು ಚಹಾ ಕುಡಿದೆವು, ಬಾಟಲಿಗಳು ತುಂಬಿ ಬಂದವು. ಬಾವಿಯದೇ ತಾನೇ ಎಂದು ನಾನು ಕೇಳಿದೆ. ಹೌದ್ರಿ, ಬಾವೀದೇ ಅದ ಅಂದರು. ನಾನು ಲೇಬಲ್ ಅಂಟಿಸಿದೆ. ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ ಎಂದು ಆ ಕೆಲಸ ನನ್ನದು.

ಲ್ಯಾಬಿನಲ್ಲಿ ಹಾಲ್ಟಿನ ನೀರು ಬ್ಯೂರೆಟ್ಟಿನ ಗಾಜುಕೊಳವೆಯಿಂದ ಬಿಟ್ಟ ಕೆಲವೇ ಹನಿಗೆ ಕೆಂಪಿನಿಂದ ನೀಲಿಗೆ ತಿರುಗಿತು. ಗಡಸೇ ಇಲ್ಲ. ಜುಬೇದಾ ಕಣ್ಣರಳಿಸಿ, “ಅರೇ ವಿಮಲಾ, ಇದು ನಮ್ಮ ಶಹಾಬಾದಿನ ನೀರಿಗಿಂತ ಚಲೋ ಅದ. ನಮ್ಮಪ್ಪಗ ಹೇಳಿ ಅಲ್ಲೇ ಒಂದು ಮನಿ ಕಟ್ಟಸ್ತೀನಿ” ಅಂದಳು. ಮತ್ತೆ ಮಾಡಿದೆವು. ಮತ್ತೆ ಹಾಗೇ. ಜನ ಸವಳು ಸವಳು ಎಂದು ಸುಮ್ಮನೆ ಅನ್ನುತ್ತಾರೆ, ಸೈನ್ಸ್ ಬೇರೆ ಹೇಳುತ್ತದೆ ಎಂದು ನನಗೆ ಒಳಗೊಳಗೇ ಒಂದು ಹೆಮ್ಮೆ. ಸ್ಟೆನ್ಸಿಲ್ ಕತ್ತರಿಸಿ, ಸೈಕ್ಲೋಸ್ಟೈಲ್ ಮಾಡಿ, ರಿಪೋರ್ಟಿನ ಪ್ರತಿಗಳನ್ನು ಸಮಿತಿಯ ಸದಸ್ಯರಿಗೆ ಮುಂಚಿತವಾಗಿಯೇ ಕಳಿಸಲಾಯಿತು. ಹಾಲ್ಟಿನ ಮುಂದೆ ಒಂದೇ ಶಬ್ದ: ಸ್ಯಾಟಿಸ್‌ಫ್ಯಾಕ್ಟರಿ.

ಈ ನಡುವೆ ನಾನು ಹಾಲ್ಟಿಗೆ ಹೋಗುವುದು ನಿಲ್ಲಲಿಲ್ಲ. ಮೊದಲು ಕೆಲಸವಿತ್ತು, ಆಮೇಲೆ ಕೆಲಸವಿಲ್ಲದೆಯೂ ಹೋದೆ. ಆ ಚಳಿಗಾಲದ ಬಣ್ಣ ನನಗೀಗಲೂ ಕಣ್ಣಿಗೆ ಕಟ್ಟಿದೆ. ತೊಗರಿ ಕೊಯ್ದು ಒಟ್ಟಿದ ಹೊಲಗಳು, ಬೆಳಗಿನ ಮಂಜಿನಲ್ಲಿ ಕರಿಮಣ್ಣಿನ ಮೇಲೆ ತೇಲುವ ಗಣಿಯ ಬಿಳಿ ಧೂಳು, ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲುಕಟ್ಟೆಯ ಹಿತ. ಎಳ್ಳಮಾವಾಸ್ಯೆಗೆ ಭಾಗಮ್ಮ ನನ್ನನ್ನು ಹೊಲಕ್ಕೆ ಕರೆದೊಯ್ದಳು. ಸಜ್ಜೆರೊಟ್ಟಿ, ಭಜ್ಜಿ, ಎಳ್ಳಿನ ಹೋಳಿಗೆ. ನಾನು ಚಮಚ ಹುಡುಕುತ್ತಿದ್ದುದನ್ನು ಕಂಡು ಹೆಂಗಸರೆಲ್ಲ ಬಿದ್ದುಬಿದ್ದು ನಕ್ಕರು. “ಇಕಿಗಿ ದೇವರು ಐದು ಬಟ್ಟು ಕೊಟ್ಟಾನ, ಸಾಲವಲ್ದು” ಎಂದು ಒಬ್ಬ ಮುದುಕಿ ಅಂದದ್ದು ಊರ ಮಾತೇ ಆಗಿಹೋಯಿತು. ಅಲ್ಲಿಂದ ಬಾಯಾರು ಎಂಬ ಮರ್ಯಾದೆಯ ಕರೆ ಹೋಗಿ ನಾನು ವಿಮಲಿ ಆದೆ. ಬರ್ರಿ ಹೋಗಿ ಬಾ ಆಯಿತು. ಕಾನ್ವೆಂಟಿನಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಚಿತ್ತಾಪುರದಲ್ಲಿ ಸಮಿತಿಯ ಸಭೆಗೆ ಇನ್ನು ನಾಲ್ಕಾರು ದಿನ ಇರುವಾಗ, ಹೆಂಗಸರನ್ನು ಕರೆಯಲು ಒಬ್ಬಳೇ ಹೋದೆ. ನಡೆದು ಬಾಯಾರಿತ್ತು. ಭಾಗಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು, ಎರಡೂ ಕೈ ಹಿಟ್ಟಿನಲ್ಲಿ. ನೀರು ಬೇಕು ಅಂದೆ. ತಲೆ ಎತ್ತದೆ, ಗದ್ದದಿಂದ ಮೂಲೆಯ ದೊಡ್ಡ ಹರವಿ ತೋರಿಸಿ, “ಅಲ್ಲೇ ಅದ ನೋಡು. ನೀನ ತಗೊ” ಅಂದಳು.

ತಂಬಿಗೆ ಅದ್ದಿ ಗಟಗಟ ಕುಡಿದೆ. ಎರಡನೆಯ ಗುಟುಕು ಗಂಟಲಲ್ಲೇ ನಿಂತಿತು. ಉಪ್ಪು, ಅದರ ಹಿಂದೆ ಒಂದು ಕಹಿ, ನಾಲಿಗೆಯ ಮೇಲೆ ಸುಣ್ಣ ಸವರಿದ ಹಾಗೆ. ಉಗುಳಲಾರದೆ ನುಂಗಿದೆ.

“ಇದು ಯಾವ ನೀರು, ಭಾಗಮ್ಮ?”

“ಮನೀದು. ಮತ್ಯಾವುದು?”

“ಹಂಗಾದರೆ ನಮ್ಮ ಬಾಟಲಿಯೊಳಗೆ ತುಂಬಿಕೊಟ್ಟದ್ದು?”

ಅವಳು ರೊಟ್ಟಿ ಹಂಚಿಗೆ ಹಾಕಿ ನನ್ನ ಮುಖ ನೋಡಿ ನಕ್ಕಳು. “ಅದು ಬೀಗರ ನೀರವ್ವ, ವಾಡೀದು. ಆವಾಗ ನೀವು ಬೀಗರಂಗ ಬಂದಿದ್ರಿ. ಬೀಗರ ಕೈಯಾಗ ಯಾರರ ಸವಳ ನೀರು ಕೊಡ್ತಾರೇನು? ಅದೂ ಕಾಲೇಜಿಗೆ ಒಯ್ಯಾಕ?”

ಪ್ರತಿ ಮನೆಯಲ್ಲೂ ಎರಡು ಪಾತ್ರೆ. ಮೂಲೆಯ ಹರವಿಯಲ್ಲಿ ಬಾವಿಯ ನೀರು, ಅದು ಮನೆಯವರಿಗೆ. ಗೂಡಿನಲ್ಲಿ ಮುಚ್ಚಿಟ್ಟ ಸಣ್ಣ ಗಡಿಗೆಯಲ್ಲಿ ರೈಲಿನ ನೀರು. ಅದು ಚಹಾಕ್ಕೆ, ಜ್ವರ ಬಂದ ಮಗುವಿಗೆ, ಬೀಗರಿಗೆ. ಅಪ್ಪನ ಬ್ರೇಕ್ ವ್ಯಾನಿನಲ್ಲಿ ಬಂದ ವಾಡಿಯ ನಲ್ಲಿನೀರನ್ನೇ ನಾವು ಲೇಬಲ್ ಅಂಟಿಸಿ ಗುಲ್ಬರ್ಗಕ್ಕೆ ಹೊತ್ತಿದ್ದೆವು. ಆ ಮನೆಯಲ್ಲಿ ನಾನು ಬೀಗತಿಯಾಗಿದ್ದಷ್ಟು ದಿನ ನನಗೆ ಸಿಹಿನೀರು ಸಿಕ್ಕಿತು, ಮನೆಯವಳಾದ ದಿನ ಸವಳು ಸಿಕ್ಕಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾಕೆಂದರೆ ಸ್ಯಾಟಿಸ್‌ಫ್ಯಾಕ್ಟರಿ ಎಂಬ ಆ ಒಂದು ಶಬ್ದದಿಂದ ಹಾಲ್ಟಿಗೆ ಪೈಪು ತಪ್ಪುತ್ತದೆ, ಮತ್ತು ಅಪ್ಪನ ಗಾಡಿಗೆ ಉಳಿದದ್ದು ಎರಡು ತಿಂಗಳು.

ಆವತ್ತು ಬಾವಿಯ ಹಗ್ಗ ನಾನೇ ಜಗ್ಗಿದೆ, ಯಾರೂ ತಡೆಯಲಿಲ್ಲ. ಮರುದಿನ ಲ್ಯಾಬಿನಲ್ಲಿ ಜುಬೇದಾ ಹನಿ ಬಿಡುತ್ತಲೇ ಹೋದಳು. ಬ್ಯೂರೆಟ್ಟು ಖಾಲಿಯಾಯಿತು, ಮತ್ತೆ ತುಂಬಿದೆವು, ನೀರು ಇನ್ನೂ ಕೆಂಪಗೇ ಇತ್ತು. ಕುಲಕರ್ಣಿ ಸರ್ ಹಿಂದೆ ಬಂದು ನಿಂತು ನೋಡಿದರು. ಸಿಟ್ಟಾಗುತ್ತಾರೆಂದುಕೊಂಡೆ. ಅವರು ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸಿದರು. ಕಾಗದ ಆಗಲೇ ಸಮಿತಿಯ ಕೈಸೇರಿದೆ, ಅವರು ನಂಬುವುದು ಕಾಗದವನ್ನು. ಅದು ತಪ್ಪೆಂದು ಹೇಳುವವರು ಆ ಊರಿನವರೇ ಆಗಿರಬೇಕು ಅಂದರು. ಭಾಗಮ್ಮ ಎದ್ದು ನಿಂತು ಒಂದು ತಂಬಿಗೆ ಬಾವಿ ನೀರು ಶಾಸಕರ ಕೈಗೆ ಕೊಟ್ಟರೆ ಸಾಕು.

ನಾನೂ ಜುಬೇದಾಳೂ ಹಾಲ್ಟಿಗೆ ಹೋಗಿ ಕೇಳಿದಾಗ ಭಾಗಮ್ಮ ಆಗುವುದಿಲ್ಲ ಅಂದಳು. ಜೋರು ಮಾಡಿ ಅಲ್ಲ, ಮೆತ್ತಗೆ. ಸಿದ್ದಪ್ಪನಿಗೆ ಮಳಖೇಡ ಕಡೆಯ ಹೆಣ್ಣು ಗೊತ್ತಾಗಿತ್ತು. ಬೀಗರು ಬಂದು, ಮನೆ ನೋಡಿ, ನೀರು ಕುಡಿದು, ಹೌದು ಎಂದು ಹೋಗಿದ್ದರು. ಸವಳು ನೀರಿನ ಊರಿಗೆ ಯಾರು ಹೆಣ್ಣು ಕೊಡುತ್ತಾರೆ? ಆ ಊರಿನಲ್ಲಿ ಕೂದಲು ನರೆತ ಗಂಡಸರು ಮದುವೆಯಿಲ್ಲದೆ ಕೂತದ್ದನ್ನು ನಾನೂ ಕಂಡಿದ್ದೆ.

“ನೀ ಬರ್ಕೊ. ಕಾಗದದಾಗ ಬರಿ, ಇಂಗ್ಲಿಷಿನ್ಯಾಗ ಹೇಳು, ನಾ ಬ್ಯಾಡ ಅನ್ನಂಗಿಲ್ಲ” ಅಂದಳು. “ನನ್ನ ಕೈಲೆ ಮಾತ್ರ ಬಂದವರಿಗೆ ಆ ನೀರು ಕೊಡಸಬ್ಯಾಡ. ಊರ ಮಾನ ನಂದೊಬ್ಬಾಕಿದಲ್ಲ.”

ಬಾವಿಯ ನೀರಿನ ಇನ್ನೊಂದು ಬಾಟಲಿ ತುಂಬಿಕೊಂಡು ನಾವಿಬ್ಬರೂ ವಾಪಸು ಗಾಡಿ ಹತ್ತಿದೆವು.

ಸಭೆ ಚಿತ್ತಾಪುರದ ಶಾಲೆಯ ದೊಡ್ಡ ಹಾಲ್‌ನಲ್ಲಿ. ಬ್ಯಾನರಿನಲ್ಲಿ ಹಳೆಯ ರೂಢಿಗೆ ಮೈಸೂರು ರಾಜ್ಯ ಎಂದೇ ಬರೆದಿದ್ದರು. ಜುಬೇದಾ ಬೆಂಚಿನ ಮೇಲೆ ಹತ್ತಿ ಅದರ ಮೇಲೆ ಹಾಳೆ ಅಂಟಿಸಿದಳು. ಗೋಂದು ಒಣಗದೆ ಹಾಳೆ ಸಭೆಯುದ್ದಕ್ಕೂ ಜಾರುತ್ತಲೇ ಇತ್ತು. ವೇದಿಕೆಯ ಮೇಲೆ ನಮ್ಮ ಭಾಗದ ಶಾಸಕರು, ಮತ್ತೆ ಮೂವರು, ನಡುವೆ ಸಮಿತಿಯ ಅಧ್ಯಕ್ಷರು. ಹಳೇ ಮೈಸೂರಿನ ಕಡೆಯವರು, ಬಿಳಿ ಪಂಚೆ, ಮೃದು ಮಾತು. ಕೆಳಗೆ ಜನ ಕಿಕ್ಕಿರಿದಿದ್ದರು. ಸೇಡಂ ಕಡೆಯವರು, ಮಳಖೇಡದವರು, ಗಣಿಯವರು. ಹಾಲ್ಟಿನ ಹೆಂಗಸರು ಒಂದು ಸಾಲು ಹಿಡಿದು ಕೂತಿದ್ದರು. ದೊಡ್ಡವರು ಬರುತ್ತಾರೆಂದು ಒಂದು ಕೊಡ ನೀರು ತಂದು, ಮೇಲೆ ಬಿಳಿ ಬಟ್ಟೆ ಕಟ್ಟಿ, ವೇದಿಕೆಯ ಮೇಜಿನ ಪಕ್ಕಕ್ಕೆ ಇಟ್ಟಿದ್ದರು. ಯಾವ ನೀರೆಂದು ಹೇಳಬೇಕಾಗಿಲ್ಲ.

ಚಿಂಚೋಳಿಯ ಹುಡುಗರು ಮೊದಲು ಮಾತಾಡಿದರು, ತೆಲುಗು ಬೆರೆತ ಕನ್ನಡದಲ್ಲಿ. ಜನ ಚಪ್ಪಾಳೆ ಹೊಡೆದರು. ಆಮೇಲೆ ನಾನು. ಸಿಸ್ಟರ್ ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿ, ರೆಸ್ಪೆಕ್ಟೆಡ್ ಮೆಂಬರ್ಸ್ ಎಂದು ಶುರುಮಾಡಿದೆ. ಎರಡು ವಾಕ್ಯದ ಮೇಲೆ ಕೆಳಗಿನ ಮುಖಗಳು ಕಂಡವು. ಯಾರ ನೀರಿನ ಮಾತೋ ಅವರಿಗೇ ಅರ್ಥವಾಗುತ್ತಿಲ್ಲ. ನನ್ನ ಇಂಗ್ಲಿಷ್ ಅಲ್ಲೇ ನಿಂತುಹೋಯಿತು. ಕಾಗದ ಮಡಚಿ ಕನ್ನಡದಲ್ಲಿ ಹೇಳಿದೆ, ಬಂದಷ್ಟು ಕನ್ನಡದಲ್ಲಿ. ಊರೂರಿನ ಲೆಕ್ಕ ಹೇಳಿ, ಕೊನೆಗೆ, ಹಾಲ್ಟಿನ ಬಗ್ಗೆ ನಿಮ್ಮ ಕೈಯಲ್ಲಿರುವ ಹಾಳೆ ತಪ್ಪು, ನಮಗೆ ಸಿಕ್ಕ ಸ್ಯಾಂಪಲ್ ಬಾವಿಯದಾಗಿರಲಿಲ್ಲ, ನಿಜವಾದ ನೀರು ಇದು ಎಂದು ಬಾಟಲಿ ಎತ್ತಿ ಹಿಡಿದೆ.

ಅಧ್ಯಕ್ಷರು ರಿಪೋರ್ಟು ತಿರುವಿದರು. ಎದುರಿನ ಲೋಟದಿಂದ ನೀರು ಕುಡಿದರು. ಆ ಕೊಡದ ನೀರೇ.

“ಅಲ್ಲಮ್ಮ, ಈ ನೀರು ಆ ಊರಿಂದಲೇ ತಂದಿದ್ದು ಅಂದ್ರು. ಸೊಗಸಾಗಿದೆ. ನೀವು ಬರೆದು ಕಳಿಸಿದ್ದರಲ್ಲೂ ಚೆನ್ನಾಗಿದೆ ಅಂತಲೇ ಇದೆ. ಈಗ ಒಂದು ಬಾಟಲಿ ತೋರಿಸಿ ಅಲ್ಲ ಅಂತೀರ. ನಾನು ಯಾವುದನ್ನ ನಂಬಲಿ?”

ಅವರು ಒರಟಾಗಿ ಕೇಳಲಿಲ್ಲ. ಅದೇ ಕಷ್ಟವಾದದ್ದು. ನಾನು ಕುಲಕರ್ಣಿ ಸರ್ ಕಡೆ ನೋಡಿದೆ. ಅವರು ಕೆಳಗಿನ ಸಾಲನ್ನು ನೋಡುತ್ತಿದ್ದರು. ಭಾಗಮ್ಮ ತಲೆ ತಗ್ಗಿಸಿ ಕೂತಿದ್ದಳು. ಎರಡು ಸಾಲು ಹಿಂದೆ ಹಸಿರು ಸೀರೆಯ ಹೆಂಗಸೊಬ್ಬಳು ಕೂತಿದ್ದಳು. ಅವಳೇ ಸಿದ್ದಪ್ಪನಿಗೆ ಗೊತ್ತಾದ ಹುಡುಗಿಯ ತಾಯಿ, ಭಾಗಮ್ಮನ ಬೀಗತಿಯಾಗುವವಳು ಎಂದು ಜುಬೇದಾ ಆಗಲೇ ನನ್ನ ಕಿವಿಯಲ್ಲಿ ಹೇಳಿದ್ದಳು. ಸಭೆ ಗುಜುಗುಜು ಅನ್ನತೊಡಗಿತು. ನಮ್ಮ ಶಾಸಕರು ಮುಂದಿನ ಊರು ಯಾವುದು ಎಂದು ಕೇಳಿದರು.

ಆಗ ಭಾಗಮ್ಮ ಎದ್ದಳು. ಅವಳ ಕೈಯಲ್ಲಿ ರೊಟ್ಟಿಯ ಗಂಟು, ಅದರ ಜೊತೆ ಬಾಯಿಗೆ ಬಟ್ಟೆ ಕಟ್ಟಿದ ತಂಬಿಗೆ. ಮಧ್ಯಾಹ್ನದ ಊಟಕ್ಕೆ ತಂದುಕೊಂಡದ್ದು. ಬೀಗರಿಗೆಂದು ಒಂದು ಕೊಡ ಸಿಹಿನೀರು ಹೊತ್ತು ತಂದವರು ತಮಗಾಗಿ ತಂದುಕೊಂಡಿದ್ದದ್ದು ಹರವಿಯ ನೀರು. ಆ ಕೊಡದಿಂದ ಒಂದು ಗುಟುಕು ತಾವೂ ಕುಡಿಯಬಹುದು ಎಂದು ಅವರಲ್ಲಿ ಯಾರಿಗೂ ತೋಚಿರಲಿಲ್ಲ. ಅವಳು ವೇದಿಕೆಯ ಹತ್ತಿರ ಹೋಗಿ ಸೆರಗು ತಲೆಯ ಮೇಲೆ ಎಳೆದುಕೊಂಡಳು.

“ಸಾಹೇಬ್ರ, ನೀವು ಕುಡದದ್ದು ಬೀಗರ ನೀರ್ರಿ, ವಾಡೀದು. ಗಾಡಿಮ್ಯಾಲೆ ತಂದದ್ದು” ಅಂದಳು. ದನಿ ಹಾಲ್‌ನ ಕೊನೆಯವರೆಗೂ ಕೇಳಿಸಿತು. “ನಿಮಗ ಅದನ್ನ ಕೊಟ್ಟಿದ್ದು ನಮ್ಮದು ತಪ್ಪಾತು. ನೀವು ಬೀಗರಲ್ಲ. ಓಟ ಹಾಕಿ ಕಳಸ್ತೀವಿ ಅಂದಮ್ಯಾಲೆ ಮನೀ ಮಂದಿ ಆದ್ರಿ. ಮನೀ ಮಗ ಮನೀ ನೀರ ಕುಡೀಬೇಕ್ರಿ.”

ಬಟ್ಟೆ ಬಿಚ್ಚಿ, ಅಧ್ಯಕ್ಷರ ಲೋಟದಲ್ಲಿ ಉಳಿದಿದ್ದ ನೀರನ್ನು ಕೊಡದೊಳಕ್ಕೇ ಮರಳಿ ಸುರಿದು, ತನ್ನ ತಂಬಿಗೆಯಿಂದ ತುಂಬಿ ಮುಂದಿಟ್ಟಳು. ಅಷ್ಟರಲ್ಲೂ ಆ ನೀರನ್ನು ನೆಲಕ್ಕೆ ಚೆಲ್ಲಲಿಲ್ಲ, ನೋಡಿ.

ಅಧ್ಯಕ್ಷರು ಲೋಟ ನೋಡಿದರು, ಅವಳನ್ನು ನೋಡಿದರು. ಬೀಗರಾಗಿದ್ದರೆ ಬೇಡ ಅನ್ನಬಹುದಿತ್ತು. ಮಗ ಅಂದವಳಿಗೆ ಏನು ಹೇಳುವುದು? ಕುಡಿದರು. ಅವರ ಮುಖ ಏನಾಯಿತೆಂದು ನನಗೆ ಗೊತ್ತು, ಅದು ನನ್ನ ಮುಖಕ್ಕೂ ಆಗಿತ್ತಲ್ಲ. ಉಗುಳಲಿಲ್ಲ. ನಿಧಾನವಾಗಿ, ಕೊನೆಯ ತನಕ ನುಂಗಿ, ಲೋಟ ಕೆಳಗಿಟ್ಟರು.

“ಇದರಲ್ಲಿ ಬೇಳೆ ಬೇಯುತ್ತಾಮ್ಮ?”

“ಬ್ಯಾಳಿ ಬೇಯಂಗಿಲ್ರಿ. ನಾವ ಬೇಯ್ತೀವಿ.”

ಯಾರೂ ನಗಲಿಲ್ಲ, ಆಮೇಲೆ ಎಲ್ಲರೂ ನಕ್ಕರು, ಅಧ್ಯಕ್ಷರೂ. ನಗು ನಿಂತ ಮೇಲೆ ಅವರು ಲೋಟವನ್ನು ತಂಬಿಗೆಯಿಂದ ಮತ್ತೆ ತುಂಬಿಸಿ ನಮ್ಮ ಶಾಸಕರ ಕಡೆ ಸರಿಸಿ, “ನಿಮ್ಮೂರಿನ ಮಗ ನೀವು. ತಗೊಳ್ಳಿ” ಅಂದರು. ಲೋಟ ವೇದಿಕೆಯ ಉದ್ದಕ್ಕೂ ಕೈದಾಟಿತು. ನಾನು ಕೈಯಲ್ಲಿ ಬಾಟಲಿ ಹಿಡಿದು ನಿಂತೇ ಇದ್ದೆ. ಅಧ್ಯಕ್ಷರು ನನ್ನ ಕಡೆ ತಿರುಗಿ, ಈಗ ನಿಮ್ಮ ಎರಡನೇ ಲೆಕ್ಕ ಓದಿ, ಬರೆದುಕೊಳ್ಳುತ್ತೇವೆ ಅಂದರು. ಓದಿದೆ. ನನ್ನ ಜೀವನದಲ್ಲಿ ಅಷ್ಟು ಗಮನವಿಟ್ಟು ಯಾರೂ ನನ್ನ ಮಾತು ಕೇಳಿಲ್ಲ. ಮದುವೆಯಾದ ಮೇಲಂತೂ ಇಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಭಾಗಮ್ಮ ಒಬ್ಬಳೇ ನಿಂತಿದ್ದಳು. ಹಸಿರು ಸೀರೆಯ ಹೆಂಗಸು ನೆಟ್ಟಗೆ ಅವಳ ಹತ್ತಿರ ಬಂದಳು. ನಾನು, ಜುಬೇದಾ ನೋಡುತ್ತ ನಿಂತೆವು.

“ಏನ ಬೀಗತಿ, ನಮಗೂ ವಾಡಿ ನೀರ ಕುಡಿಸಿ ಕಳಿಸಿದಿಯೇನು?”

ಭಾಗಮ್ಮ ತಲೆಯೆತ್ತಲಿಲ್ಲ. “ಹೌದವ್ವ.”

“ಮತ್ತ ನೀವು ನಮ್ಮನಿಗಿ ಬಂದಾಗ ಕುಡದ್ರಲ್ಲ, ಅದೂ ನಮ್ಮೂರಿಂದಲ್ಲ ಬಿಡು. ನಮ್ಮ ಭಾವ ಬಂಡಿ ಕಟ್ಟಿ ಹೊಳಿಯಿಂದ ತಂದಿದ್ದ.” ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. “ನಮ್ಮ ಹುಡಗಿ ಸವಳ ಕುಡದ ಬೆಳದಾಳ. ಸಿಹಿ ನೀರ ಅಂದ್ರ ಹ್ಯಾಂಗ ಕುಡೀತಾಳೋ ಅಂತ ನಮಗ ಚಿಂತಿ ಇತ್ತು.”

ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ನಕ್ಕರು, ನಗುತ್ತ ನಗುತ್ತ ಭಾಗಮ್ಮ ಕಣ್ಣೊರೆಸಿಕೊಂಡಳು. ಜುಬೇದಾ ನನ್ನ ಕೈ ಚಿವುಟಿ, “ಬೀಗರ ಊರಿಗೂ ಹೋಗಿ ಬಾವಿಯ ನೀರು ಸ್ವತಾ ಸೇದಬೇಕು ನೋಡು, ಚಹಾ ಕುಡಿಯೂದು ಬಂದ್” ಅಂದಳು. ನಾವು ಹೋದೆವು ಕೂಡ. ಆ ಊರೂ ಪಟ್ಟಿಗೆ ಸೇರಿತು.

ಪೈಪು ಮರುದಿನವೇ ಬರಲಿಲ್ಲ, ಸರಕಾರ ಸರಕಾರವೇ. ಅಪ್ಪ ರಿಟೈರ್ ಆದ ದಿನ ಹೊಸ ಗಾರ್ಡನ್ನು ಬ್ರೇಕ್ ವ್ಯಾನಿನ ಹತ್ತಿರ ಕರೆದುಕೊಂಡು ಹೋಗಿ ಹೆಂಗಸರನ್ನು ತೋರಿಸಿ ಏನೋ ಹೇಳಿದರು. ಹೊಸಬ ಮದ್ರಾಸಿನ ಹುಡುಗ, ಕನ್ನಡ ಬರುತ್ತಿರಲಿಲ್ಲ. ಆದರೆ ಕೊಡಗಳು ಹತ್ತಿದವು. ಒಂದು ಬೇಸಿಗೆ, ಮತ್ತೊಂದು ಬೇಸಿಗೆ ಹಾಗೇ ನಡೆಯಿತು. ಮೂರನೆಯದಕ್ಕೆ ಕಾಗಿಣಾ ಹೊಳೆಯ ನೀರು ಪೈಪಿನಲ್ಲಿ ಹಾಲ್ಟಿಗೆ ಬಂತು ಎಂದು ಜುಬೇದಾ ಹೇಳಿ ಕಳಿಸಿದಳು. ಅಷ್ಟರಲ್ಲಿ ನಾನು ಮದುವೆಯಾಗಿ ಮೈಸೂರು ಸೇರಿದ್ದೆ. ಅಲ್ಲಿ ಶಾಲೆಯಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದೆ. ನೀರಿನ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಲೇಬಲ್ ಅಂಟಿಸುವ ಮೊದಲು ಹಗ್ಗ ಹಿಡಿಯಿರಿ ಎಂದು ಹೇಳುತ್ತಿದ್ದೆ. ಅವಕ್ಕೆ ನಲ್ಲಿ ಗೊತ್ತು, ಹಗ್ಗ ಗೊತ್ತಿಲ್ಲ. ಮಿಸ್‌ಗೆ ಏನೋ ಒಂದು ಗೀಳು ಎಂದು ಬರೆದುಕೊಳ್ಳುತ್ತಿದ್ದವು.

ಹಾಲ್ಟಿಗೆ ನಾನು ಕೊನೆಯ ಸಲ ಹೋದದ್ದು ಎಂಬತ್ತರ ದಶಕದ ಆರಂಭದಲ್ಲಿ. ಅಪ್ಪ, ಅಮ್ಮ ವಾಡಿ ಬಿಟ್ಟು ನನ್ನ ಜೊತೆ ಬರುವುದೆಂದಾಗಿತ್ತು. ಸಾಮಾನು ಕಟ್ಟಲು ಗಂಡ, ಮಗಳ ಸಮೇತ ಬಂದಿದ್ದೆ. ಒಂದು ಬೆಳಿಗ್ಗೆ ಪ್ಯಾಸೆಂಜರ್ ಹತ್ತಿ ಹಾಲ್ಟಿಗೆ ಇಳಿದೆವು. ಗಾಡಿಯಲ್ಲಿ ಒಂದು ಕೊಡವೂ ಇರಲಿಲ್ಲ. ಅದು ಸಂತೋಷದ ಸಂಗತಿ ಎಂದು ಗೊತ್ತಿತ್ತು. ಆದರೂ ಏನೋ ಕಳಕೊಂಡ ಹಾಗೆ ಡಬ್ಬಿಯ ಹಲಗೆಯನ್ನ ನೋಡುತ್ತ ಕೂತಿದ್ದೆ.

ಭಾಗಮ್ಮನ ಮನೆಯ ಮುಂದೆ ಕಲ್ಲು ಹಾಸಿದ ಕಟ್ಟೆ, ಅದರ ಮೇಲೆ ನಲ್ಲಿ. ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಲೆಯ ಮುಂದೆ ಅದೇ ಜಾಗದಲ್ಲಿ ಕೂತಿದ್ದಳು. ನನ್ನ ರೇಷ್ಮೆ ಸೀರೆ, ಹಿಂದೆ ಪ್ಯಾಂಟು ಹಾಕಿದ ಗಂಡ, ಶೂ ಹಾಕಿದ ಮಗು. ನೋಡುತ್ತಲೇ, “ಬರ್ರಿ, ಕುಂದ್ರಿ” ಅಂದಳು. ರೀ ಹಚ್ಚಿ. ಸೊಸೆ ಓಡಿಬಂದು ಚಾಪೆ ಹಾಸಿದಳು. ಎಲ್ಲರ ಯೋಗಕ್ಷೇಮ ಆಯಿತು. ನಾನು ಕಣ್ಣಿನಲ್ಲೇ ಗೂಡು ಹುಡುಕಿದೆ. ಸಣ್ಣ ಗಡಿಗೆ ಇರಲಿಲ್ಲ. ಮೂಲೆಯಲ್ಲಿ ಹರವಿ ಒಂದೇ. ಕೇಳಿದ್ದಕ್ಕೆ ಅವಳೇ ಹೇಳಿದಳು, ಈಗ ಎರಡು ಪಾತ್ರೆ ಯಾಕೆ, ಬೀಗರಿಗೂ ಅದೇ, ಮನೆಯವರಿಗೂ ಅದೇ ಎಂದು. ಹೇಳುವಾಗ ಅವಳ ಮುಖದಲ್ಲಿ ಹೊಸ ಮನೆ ಕಟ್ಟಿಸಿದವರ ಹೆಮ್ಮೆಯಿತ್ತು. ನನಗೂ ಹೆಮ್ಮೆಯೇ. ಆದರೆ ಮನಸ್ಸೆಂಬುದು ಎಂಥ ಹುಚ್ಚು ನೋಡಿ, ಎಲ್ಲರಿಗೂ ಒಂದೇ ನೀರಾದ ಮೇಲೆ ನಾನು ಇಲ್ಲಿ ಯಾರೆಂದು ಹೇಗೆ ತಿಳಿಯುವುದು ಎಂದು ಅದು ಒಳಗೊಳಗೇ ಕೊರಗುತ್ತಿತ್ತು.

ಮಗಳು ನನ್ನ ಸೆರಗು ಎಳೆದು, “ಮಮ್ಮಿ, ವಾಟರ್” ಅಂದಳು. ಸೊಸೆ ತಟ್ಟೆ, ಲೋಟ ಹುಡುಕುತ್ತ ಎದ್ದಳು. ಭಾಗಮ್ಮ ತಲೆ ಎತ್ತಲಿಲ್ಲ. ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಲೂ ಇಲ್ಲ.

“ನೀ ಕುಂದ್ರು” ಎಂದಳು ಸೊಸೆಗೆ. “ಆಕಿ ತಗೋತಾಳ.”

ನಾನು ಎದ್ದೆ. ತಂಬಿಗೆ ಅದ್ದಿ ಮಗಳಿಗೆ ಕುಡಿಸಿ, ಉಳಿದದ್ದನ್ನು ನಾನು ಕುಡಿದೆ. ಸಿಹಿಯಾಗಿತ್ತು. ವಾಪಸು ಗಾಡಿಯ ಹೊತ್ತಾಗಿ ಹೊರಟೆವು. ಭಾಗಮ್ಮನನ್ನು ಆಮೇಲೆ ನೋಡಲಿಲ್ಲ. ಅವಳು ನನ್ನ ಕಣ್ಣಿನಲ್ಲಿ ಉಳಿದದ್ದು ಹಾಗೆಯೇ, ಒಲೆಯ ಬೆಳಕಿನಲ್ಲಿ, ಎರಡೂ ಕೈ ಹಿಟ್ಟಿನಲ್ಲಿ, ಗದ್ದ ಮಾತ್ರ ಹರವಿಯ ಕಡೆಗೆ.